ಅಡ್ಡಹೆಸರು ಹೇಳದೆ ಬಿಟ್ಟದ್ದು

ಬೀದರ್, ಭಾಲ್ಕಿ, ಔರಾದ್ ಕಡೆ ಹೊಸಬರ ಪರಿಚಯ ಬರೀ ಹೆಸರಿಗೆ ಮುಗಿಯುವುದಿಲ್ಲ. ‘ಅಡ್ಡಹೆಸರೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆ ಮೈಸೂರಿನ ಕಡೆ ಊರಿನ ಹೆಸರೂ ತಂದೆಯ ಹೆಸರೂ ಒಂದೆರಡು ಅಕ್ಷರಗಳಾಗಿ ಹೆಸರಿನ ಮುಂದೆ ಕೂರುತ್ತವೆ. ಇಲ್ಲಿ ಹಾಗಲ್ಲ. ಪಾಟೀಲ, ಬಿರಾದಾರ, ಕುಲಕರ್ಣಿ, ದೇಶಮುಖ, ಜಾಧವ, ಚವಾಣ್, ರಾಠೋಡ, ಖಾದ್ರಿ, ಸಿಂಗ್ ಎಂದು ಹೆಸರಿನ ಹಿಂದೆ ಇಡೀ ಪದವೇ ನಿಲ್ಲುತ್ತದೆ. ಅದನ್ನು ಕೇಳಿದ ಕೂಡಲೇ ಕೇಳಿದವರ ಮನಸ್ಸಿನಲ್ಲಿ ಲೆಕ್ಕ ಶುರುವಾಗುತ್ತದೆ: ಇವರು ಯಾವ ಜಾತಿ, ಮನೆಮಾತು ಯಾವುದು, ಹೊಲ ಎಷ್ಟಿದ್ದೀತು, ಯಾವ ಪಕ್ಷದ ಕಡೆಯವರು. ಈ ಲೆಕ್ಕ ಎಷ್ಟರಮಟ್ಟಿಗೆ ಸರಿ ಎಂದು ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಒಂದೇ ಅಡ್ಡಹೆಸರು ಹೊತ್ತ ನಾಲ್ಕಾರು ಗಣ್ಯರ ಬದುಕನ್ನು ಚಿಕ್ಕದಾಗಿ ಬರೆದು ಅಕ್ಕಪಕ್ಕ ಇಟ್ಟು ಓದಬೇಕು. ಹಾಗೆ ಓದಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಅಡ್ಡಹೆಸರು ಈ ನೆಲದ ಇತಿಹಾಸವನ್ನು ಪ್ರಾಮಾಣಿಕವಾಗಿ ಹೇಳುತ್ತದೆ, ಆದರೆ ಅದನ್ನು ಹೊತ್ತ ಮನುಷ್ಯರ ಬಗ್ಗೆ ತೀರ ಕಡಿಮೆ ಹೇಳುತ್ತದೆ. ನಾವು ಮಾತ್ರ ಮೊದಲನೆಯದನ್ನು ಮರೆತು ಎರಡನೆಯದಕ್ಕೇ ಅದನ್ನು ಬಳಸುತ್ತಿದ್ದೇವೆ.

ಇತಿಹಾಸದ ಮಾತನ್ನೇ ಮೊದಲು ನೋಡೋಣ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ತಂದ ಮೇಲೆ ಈ ಊರು ಬರೀದಶಾಹಿ, ಆದಿಲ್‌ಶಾಹಿ, ಮೊಗಲ್, ನಿಜಾಮ ಹೀಗೆ ಒಂದಾದ ಮೇಲೊಂದು ಆಳ್ವಿಕೆ ಕಂಡಿತು. ಅರಸರು ಬದಲಾದರೂ ಹಳ್ಳಿಯಿಂದ ಕಂದಾಯ ಎತ್ತುವ ಏರ್ಪಾಡು ಹೆಚ್ಚು ಬದಲಾಗಲಿಲ್ಲ. ಊರಿನ ಮುಖ್ಯಸ್ಥ ಪಾಟೀಲ, ಊರಿನ ಲೆಕ್ಕ ಬರೆಯುವವನು ಕುಲಕರ್ಣಿ, ಹಲವು ಊರುಗಳ ಪರಗಣೆಗೆ ಮುಖ್ಯಸ್ಥ ದೇಶಮುಖ, ಆ ಪರಗಣೆಯ ಲೆಕ್ಕಕ್ಕೆ ದೇಶಪಾಂಡೆ. ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿದ್ದುದರಿಂದ ಹುದ್ದೆಯ ಹೆಸರೇ ಮನೆಯ ಹೆಸರಾಯಿತು. ಆ ಹುದ್ದೆಗಳು ಈಗಿಲ್ಲ. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಗಡಿಯಾಚೆ ಆಗಿನ ಆಂಧ್ರಪ್ರದೇಶದಲ್ಲಿ ಪಟೇಲ್-ಪಟವಾರಿ ಪದ್ಧತಿ 1984ರಲ್ಲಿ ಹೋಯಿತು. ಹುದ್ದೆ ಹೋದರೂ ಹೆಸರು ಉಳಿಯಿತು. ಅದಕ್ಕೂ ಮೊದಲೇ, 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿತ್ತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್‌ಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ, ಅಹ್ಮದ್‌ಪುರಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ ಹೋದವು. ರಾಜ್ಯದ ಗಡಿ ಮನೆತನಗಳ ನಡುವೆಯೇ ಹಾದುಹೋಯಿತು. ಹೀಗಾಗಿ ಈ ಭಾಗದ ಒಂದು ಅಡ್ಡಹೆಸರನ್ನು ಹಿಡಿದು ಹೊರಟವರು ಮೂರು ರಾಜ್ಯ, ಮೂರು ಭಾಷೆ ದಾಟಬೇಕಾಗುತ್ತದೆ.

ಪಾಟೀಲರಿಂದಲೇ ಶುರುಮಾಡೋಣ. ಬೀದರ್ ಜಿಲ್ಲೆಯ ಎಲ್ಲೆಗೆ ಹತ್ತಿದ ಚಿಂಚೋಳಿಯಲ್ಲಿ 1924ರಲ್ಲಿ ಹುಟ್ಟಿದ ವೀರೇಂದ್ರ ಪಾಟೀಲರು 1968ರಿಂದ 1971ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು ಇವರೇ. 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿ ಮರಳಿದವರೂ ಇವರೇ. ಹಳೆಯ ಬೀದರ್ ಜಿಲ್ಲೆಯದೇ ಆಗಿದ್ದ ನಿಲಂಗಾದ ಶಿವಾಜಿರಾವ್ ಪಾಟೀಲ ನಿಲಂಗೇಕರ್ 1985–86ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು. ಒಬ್ಬರದು ಕನ್ನಡದ ರಾಜಕಾರಣ, ಇನ್ನೊಬ್ಬರದು ಮರಾಠಿಯದು. ಚಿಂಚೋಳಿಯವರೇ ಆದ ವೈಜನಾಥ ಪಾಟೀಲರು ಮುಖ್ಯಮಂತ್ರಿಯಾಗಲಿಲ್ಲ. ಆದರೆ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ಬಹಳ ಕಾಲ ಹೋರಾಡಿದರು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದಾಗ ಆ ಶ್ರಮದ ದೊಡ್ಡ ಪಾಲು ಅವರದೆಂದು ಈ ಭಾಗದ ಜನ ನೆನೆಯುತ್ತಾರೆ. ಇನ್ನು ಇಬ್ಬರು ಶಿವರಾಜ ಪಾಟೀಲರನ್ನು ನೋಡಿ. ಲಾತೂರ್ ಜಿಲ್ಲೆಯ ಚಾಕೂರಿನವರು 1991ರಿಂದ 1996ರವರೆಗೆ ಲೋಕಸಭೆಯ ಸ್ಪೀಕರ್, 2004ರಿಂದ 2008ರವರೆಗೆ ದೇಶದ ಗೃಹಮಂತ್ರಿ. ರಾಯಚೂರು ಜಿಲ್ಲೆಯವರು 2000ದಿಂದ 2005ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, 2011ರಲ್ಲಿ ಅಲ್ಪಕಾಲ ಕರ್ನಾಟಕದ ಲೋಕಾಯುಕ್ತರು. ಹೆಸರೂ ಅಡ್ಡಹೆಸರೂ ಒಂದೇ. ಒಬ್ಬರ ಬದುಕು ಶಾಸನಸಭೆಯದು, ಇನ್ನೊಬ್ಬರದು ನ್ಯಾಯಪೀಠದ್ದು. ಕನ್ನಡದ ಕವಿ ಚಂಪಾ ಎಂದರೆ ಚಂದ್ರಶೇಖರ ಪಾಟೀಲ. ‘ಪ್ರಪಂಚ’ ಪತ್ರಿಕೆಯ ಪಾಟೀಲ ಪುಟ್ಟಪ್ಪನವರಲ್ಲಿ ಅಡ್ಡಹೆಸರು ಹೆಸರಿನ ಮುಂದೆಯೇ ಬಂದು ಕೂತಿದೆ. ಇವರೆಲ್ಲರ ಹಿರಿಯರು ಎಂದೋ ಯಾವುದೋ ಊರಿನ ಗೌಡಿಕೆ ಮಾಡಿರಬಹುದು ಎಂಬಷ್ಟನ್ನು ಬಿಟ್ಟರೆ ‘ಪಾಟೀಲ’ ಎಂಬ ಮೂರಕ್ಷರ ಇವರ ಬಗ್ಗೆ ಇನ್ನೇನನ್ನೂ ಹೇಳುವುದಿಲ್ಲ. ಲಿಂಗಾಯತರಲ್ಲಿ, ಮರಾಠರಲ್ಲಿ, ರೆಡ್ಡಿಗಳಲ್ಲಿ, ಜೈನರಲ್ಲಿ ಪಾಟೀಲರಿದ್ದಾರೆ, ಮುಸ್ಲಿಮರಲ್ಲಿ ಪಟೇಲರಿದ್ದಾರೆ. ಹುದ್ದೆ ಯಾರ ಕೈಗೆ ಬಂತೋ ಹೆಸರು ಅವರದಾಯಿತು.

ಪಾಟೀಲರು ಇಷ್ಟೊಂದು ಮಂದಿ ಇರುವುದರಿಂದ ಜನರೇ ಒಂದು ಉಪಾಯ ಕಂಡುಕೊಂಡಿದ್ದಾರೆ: ಅಡ್ಡಹೆಸರಿಗೆ ಊರು ಸೇರಿಸುವುದು. ಬಸವರಾಜ ಪಾಟೀಲ ಹುಮನಾಬಾದ್, ಬಸವರಾಜ ಪಾಟೀಲ ಸೇಡಂ, ಶಿವರಾಜ ಪಾಟೀಲ ಚಾಕೂರ್ಕರ್ ಎಂಬ ಹೆಸರುಗಳು ಹುಟ್ಟಿದ್ದು ಹಾಗೆ. ಕೊರಿಯಾ ದೇಶದಲ್ಲೂ ಇದೇ ಕಷ್ಟ, ಇದೇ ಪರಿಹಾರ. ಅಲ್ಲಿ ಹತ್ತಿರಹತ್ತಿರ ಐವರಲ್ಲಿ ಒಬ್ಬರು ಕಿಮ್; ಆದ್ದರಿಂದ ಗಿಮ್ಹೆಯ ಕಿಮ್, ಗ್ಯೊಂಗ್ಜುವಿನ ಕಿಮ್ ಎಂದು ಮೂಲದ ಊರು ಹಿಡಿದು ಮನೆತನ ಬೇರ್ಪಡಿಸುತ್ತಾರೆ. ನಮ್ಮಲ್ಲಿ ಕೆಲವರಿಗೆ ಊರೇ ಪೂರ್ತಿ ಅಡ್ಡಹೆಸರು. ಔರಾದ್ ಕ್ಷೇತ್ರವನ್ನೂ ಮುಂದೆ ಬೀದರ್ ಕ್ಷೇತ್ರವನ್ನೂ ಪ್ರತಿನಿಧಿಸಿದ, 2015ರಲ್ಲಿ ತೀರಿಕೊಂಡ ಗುರುಪಾದಪ್ಪ ನಾಗಮಾರಪಳ್ಳಿಯವರ ಹೆಸರಿನಲ್ಲಿರುವುದು ಔರಾದ್ ತಾಲ್ಲೂಕಿನ ಹಳ್ಳಿ. ಈ ರೂಢಿ ಬೀದರ್‌ಗೆ ಹೊಸತಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ ಸುಲ್ತಾನನ ಆಜ್ಞೆಯಿಂದ ತಲೆ ಕೊಟ್ಟ ಮಂತ್ರಿ ಮಹಮೂದ್ ಗವಾನ್ ಅವರ ಹೆಸರಿನ ಕೊನೆಯ ಪದವೂ ಪರ್ಷಿಯಾದ ಗಿಲಾನ್ ಪ್ರಾಂತದ ಒಂದು ಊರೇ. ನಾಗಮಾರಪಳ್ಳಿ ಮತ್ತು ಗವಾನ್ ನಡುವೆ ಸಾವಿರಾರು ಕಿಲೋಮೀಟರ್ ಅಂತರ. ಎಲ್ಲಿಂದ ಬಂದೆವು ಎಂಬುದನ್ನು ಹೆಸರಿನಲ್ಲಿ ಉಳಿಸಿಕೊಳ್ಳುವ ಮನಸ್ಸು ಮಾತ್ರ ಎರಡೂ ಕಡೆ ಒಂದೇ.

ಔರಾದ್‌ಗೆ ಬಂದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. 2008ರಿಂದ ಸತತ ನಾಲ್ಕು ಬಾರಿ ಈ ಮೀಸಲು ಕ್ಷೇತ್ರದಿಂದ ಗೆದ್ದು, 2019ರಿಂದ 2023ರವರೆಗೆ ಪಶುಸಂಗೋಪನೆ ಸಚಿವರಾಗಿದ್ದ ಪ್ರಭು ಚವಾಣ್ ಬಂಜಾರ ಸಮುದಾಯದವರು. ಗಡಿಯಾಚೆ ನಾಂದೇಡ್‌ನ ರಾಜಕಾರಣ ಕಟ್ಟಿದ ಶಂಕರರಾವ್ ಚವಾಣ್ ಎರಡು ಸಲ ಮಹಾರಾಷ್ಟ್ರದ ಮುಖ್ಯಮಂತ್ರಿ, 1991ರಿಂದ 1996ರವರೆಗೆ ದೇಶದ ಗೃಹಮಂತ್ರಿ. 1960ರಲ್ಲಿ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿಯಾಗಿ, 1962ರ ಚೀನಾ ಯುದ್ಧದ ವೇಳೆ ರಕ್ಷಣಾ ಖಾತೆ ವಹಿಸಿಕೊಂಡ ಯಶವಂತರಾವ್ ಚವಾಣ್ ಸಾಂಗಲಿ ಜಿಲ್ಲೆಯವರು. ಈ ಇಬ್ಬರೂ ಮರಾಠರು. ಜಾಧವ ಎಂಬ ಹೆಸರಿನ ಕತೆಯೂ ಇದೇ. ಚಿಂಚೋಳಿಯ ಶಾಸಕರಾಗಿದ್ದು 2019ರಲ್ಲಿ ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದ ವೈದ್ಯ ಉಮೇಶ ಜಾಧವ ಬಂಜಾರರು. ಸ್ವತಂತ್ರ ಭಾರತಕ್ಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದ ಕುಸ್ತಿಪಟು ಖಾಶಾಬಾ ಜಾಧವ ಕರಾಡ ಬಳಿಯ ಹಳ್ಳಿಯ ಮರಾಠಾ ರೈತ ಮನೆಯವರು. ರಿಸರ್ವ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರಾಗಿ, ಪುಣೆ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದ ನರೇಂದ್ರ ಜಾಧವ ದಲಿತ ಕುಟುಂಬದವರು. ತಮ್ಮ ತಂದೆಯ ಬದುಕನ್ನೇ ಅವರು ಪುಸ್ತಕವಾಗಿ ಬರೆದಿದ್ದಾರೆ. ಒಂದು ಅಡ್ಡಹೆಸರಿನ ಕೆಳಗೆ ವೈದ್ಯ, ಪೈಲ್ವಾನ, ಅರ್ಥಶಾಸ್ತ್ರಜ್ಞ. ಮೂರು ಬೇರೆಬೇರೆ ಸಾಮಾಜಿಕ ಹಿನ್ನೆಲೆ. ಅಡ್ಡಹೆಸರಿನಿಂದ ಜಾತಿ ತಿಳಿಯುತ್ತದೆ ಎನ್ನುವವರಿಗೆ ಈ ಒಂದು ಪುಟ ಸಾಕಾದ ಉತ್ತರ.

ಬಂಜಾರ ತಾಂಡಾಗಳ ಇತಿಹಾಸ ತಿಳಿದರೆ ಇದು ಅಚ್ಚರಿಯೂ ಅಲ್ಲ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನಿನುದ್ದಕ್ಕೂ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದ ಈ ಜನ ರಾಠೋಡ, ಪವಾರ್, ಚವಾಣ್, ಜಾಧವ ಎಂಬ ಕುಲದ ಹೆಸರುಗಳನ್ನು ತಮ್ಮೊಂದಿಗೇ ಒಯ್ದರು. ಅವರಿಗೆ ಅದು ಮುಖ್ಯವಾಗಿ ಮದುವೆಯ ಲೆಕ್ಕ. ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಆದರೆ ಈಗ ಔರಾದ್ ಸುತ್ತಲಿನ ಗಡಿ ನೋಡಿ. ಕರ್ನಾಟಕದಲ್ಲಿ ಬಂಜಾರರು ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಭಾಷೆ ಆಡುವ, ಒಂದೇ ಅಡ್ಡಹೆಸರು ಹೊತ್ತ, ಪರಸ್ಪರ ಬೀಗತನ ಮಾಡುವ ಜನ ಒಂದು ಹಳ್ಳ ದಾಟಿದರೆ ಸರಕಾರದ ಬೇರೆ ಪಟ್ಟಿಗೆ ಸೇರುತ್ತಾರೆ. ಅಡ್ಡಹೆಸರಾಗಲಿ ಸರಕಾರಿ ವರ್ಗವಾಗಲಿ ತಮ್ಮಷ್ಟಕ್ಕೆ ಮನುಷ್ಯನ ಪೂರ್ತಿ ವಿವರ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹುದ್ದೆಯಿಂದ, ಊರಿನಿಂದ, ಕುಲದಿಂದ ಬಂದ ಹೆಸರುಗಳ ಜೊತೆಗೆ ಬೀದರ್‌ನಲ್ಲಿ ಮತ್ತೊಂದು ಬಗೆಯ ಹೆಸರಿದೆ: ದೀಕ್ಷೆಯಿಂದ ಬಂದದ್ದು. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ಬಂದ ಐವರಲ್ಲಿ ಒಬ್ಬರು ಬೀದರ್‌ನ ಕ್ಷೌರಿಕ ಕುಲದ ಸಾಹಿಬ್‌ಚಂದ್. ದೀಕ್ಷೆಯ ನಂತರ ಅವರು ಭಾಯಿ ಸಾಹಿಬ್ ಸಿಂಗ್ ಆದರು. ಮುಂದೆ ಚಮಕೌರ್ ಕಾಳಗದಲ್ಲಿ ಮಡಿದರು. ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆ, ಬೀದರ್‌ಗಳಿಂದ ಬಂದ, ಬೇರೆಬೇರೆ ಕುಲದ ಐವರಿಗೂ ಒಂದೇ ಅಡ್ಡಹೆಸರು ಕೊಟ್ಟದ್ದರ ಉದ್ದೇಶವೇ ಹುಟ್ಟಿನ ಗುರುತು ಅಳಿಸುವುದಾಗಿತ್ತು. ಆ ಐವರಲ್ಲಿ ಹಸ್ತಿನಾಪುರದವರ ಹೆಸರು ಧರಂ ಸಿಂಗ್. ಅದೇ ಹೆಸರಿನ, ಜೇವರ್ಗಿ ತಾಲ್ಲೂಕಿನ ನೆಲೋಗಿಯ ಧರಂ ಸಿಂಗ್ 2004ರಿಂದ 2006ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು, 2009ರಲ್ಲಿ ಬೀದರ್‌ನಿಂದಲೇ ಲೋಕಸಭೆಗೆ ಆರಿಸಿಬಂದರು. ಇವರು ಸಿಖ್ಖರಲ್ಲ, ಈ ನಾಡಿನಲ್ಲಿ ಬೇರೂರಿದ ರಜಪೂತರು. ರಾಜ್ಯದಲ್ಲಿ ತಮ್ಮ ಸಮುದಾಯ ಬೆರಳೆಣಿಕೆಯಷ್ಟೇ ಇದ್ದರೂ ಜೇವರ್ಗಿಯ ಮತದಾರರು ಮತ್ತೆಮತ್ತೆ ಅವರನ್ನು ಗೆಲ್ಲಿಸಿದರು. ಒಂದು ಸಿಂಗ್ ಕುಲ ಅಳಿಸಲು ಕೊಟ್ಟ ಹೆಸರು, ಇನ್ನೊಂದು ಕುಲದ ನೆನಪಿಗೆ ಉಳಿದ ಹೆಸರು. ಎರಡನ್ನೂ ಹೊತ್ತವರು ಬೆಳೆದದ್ದು ಮಾತ್ರ ಕುಲವನ್ನು ಮೀರಿ.

ಖಾದ್ರಿ ಎಂಬ ಹೆಸರು ಸೂಫಿಗಳ ಖಾದ್ರಿಯಾ ಪರಂಪರೆಯದು. ಬೀದರ್‌ನಲ್ಲಿ ದರ್ಗಾ ಇರುವ ಮುಲ್ತಾನಿ ಪಾಶಾ ಆ ಪರಂಪರೆಯ ಸಂತರು. ಹೈದರಾಬಾದಿನಲ್ಲಿ 1931ರಲ್ಲಿ ಉರ್ದು ಸಾಹಿತ್ಯ ಸಂಸ್ಥೆ ಕಟ್ಟಿದ ಭಾಷಾವಿದ್ವಾಂಸ ಮೊಹಿಯುದ್ದೀನ್ ಖಾದ್ರಿ ಜೋರ್ ಅವರ ಹೆಸರಿನಲ್ಲೂ ಅದೇ ಪದವಿದೆ. ತಂದೆಯಿಂದ ಬಿದರಿ ಕಲೆ ಕಲಿತು, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಲೋಹವನ್ನು ಕಪ್ಪಾಗಿಸಿ ಬೆಳ್ಳಿಯ ಬಳ್ಳಿಗಳನ್ನು ಹೊಳೆಯಿಸಿ, 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರದ್ದೂ ಅದೇ. ಸಂತ, ವಿದ್ವಾಂಸ, ಕುಶಲಕರ್ಮಿ. ಭಾಲ್ಕಿ ಹಿರೇಮಠದ ‘ಪಟ್ಟದೇವರು’ ಎಂಬ ಹೆಸರು ರಕ್ತದಿಂದ ಬರುವುದೇ ಇಲ್ಲ, ಗುರುವಿನಿಂದ ಶಿಷ್ಯನಿಗೆ ಬರುತ್ತದೆ. ಕಮಲನಗರದಲ್ಲಿ 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಚನ್ನಬಸವ ಪಟ್ಟದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಮತ್ತೆ ಎದ್ದು ನಿಲ್ಲುವಂತೆ ಮಾಡಿದರು. ಅವರ ಉತ್ತರಾಧಿಕಾರಿ ಬಸವಲಿಂಗ ಪಟ್ಟದೇವರು ಆ ಹೆಸರನ್ನು ಕೆಲಸದ ಹೊಣೆಯಾಗಿ ಪಡೆದರು. ಹೆಸರೊಂದು ಆಸ್ತಿಯಾಗದೆ ಕರ್ತವ್ಯವಾಗಿ ಮುಂದಿನವರಿಗೆ ದಾಟಬಲ್ಲದು ಎಂಬುದಕ್ಕೆ ಭಾಲ್ಕಿ ಉದಾಹರಣೆ.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಭಾಲ್ಕಿಯಲ್ಲೇ ಖಂಡ್ರೆ ಎಂಬ ಅಡ್ಡಹೆಸರಿಗೆ ಇರುವ ಬಲ ಕಣ್ಣಿಗೆ ಕಾಣುತ್ತಿಲ್ಲವೇ? ನಿಜಾಮರ ವಿರುದ್ಧದ ಹೋರಾಟದಿಂದ ಬಂದು ಶಾಸಕರಾಗಿ, ವೀರಪ್ಪ ಮೊಯಿಲಿ ಸಂಪುಟದಲ್ಲಿ ಸಾರಿಗೆ ಸಚಿವರಾಗಿ, ವೀರಶೈವ ಮಹಾಸಭೆಯ ಅಧ್ಯಕ್ಷರಾಗಿ ನೂರು ವರ್ಷ ದಾಟಿ ಬಾಳಿದ ಭೀಮಣ್ಣ ಖಂಡ್ರೆ. 2008ರಿಂದ ಭಾಲ್ಕಿಯ ಶಾಸಕರಾದ, 2023ರಲ್ಲಿ ಅರಣ್ಯ ಸಚಿವರಾದ ಮಗ ಈಶ್ವರ ಖಂಡ್ರೆ. 2024ರಲ್ಲಿ 26ರ ವಯಸ್ಸಿಗೇ ಬೀದರ್ ಸಂಸದರಾದ ಮೊಮ್ಮಗ ಸಾಗರ ಖಂಡ್ರೆ. ಅಡ್ಡಹೆಸರು ಬಾಗಿಲು ತೆರೆಯುತ್ತದೆ ಎಂಬುದನ್ನು ಅಲ್ಲಗಳೆಯಲಾಗದು; ಹಾಗೆ ಮಾಡಿದರೆ ಅದು ಸುಳ್ಳಾಗುತ್ತದೆ. ಆದರೆ ಅದೇ ಭಾಲ್ಕಿಯಲ್ಲಿ 2023ರ ಚುನಾವಣೆಯಲ್ಲಿ ಈಶ್ವರ ಖಂಡ್ರೆಯವರ ಎದುರು ಬಿಜೆಪಿಯಿಂದ ನಿಂತವರೂ ಖಂಡ್ರೆಯೇ. ಈ ಹಿಂದೆ ಭಾಲ್ಕಿಯ ಶಾಸಕರಾಗಿದ್ದ ಪ್ರಕಾಶ ಖಂಡ್ರೆ. ಅದೇ ವರ್ಷ ಹುಮನಾಬಾದಿನಲ್ಲಿ ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರನ್ನು ಬಿಜೆಪಿಯ ಸಿದ್ದು ಪಾಟೀಲರು ಸೋಲಿಸಿದರು. ಎರಡೂ ಕಡೆ ಒಂದೇ ಅಡ್ಡಹೆಸರು ಇದ್ದಾಗ ಮತದಾರರು ಬೇರೇನನ್ನೋ ತೂಗಿ ನೋಡಲೇಬೇಕಾಯಿತು. ಇನ್ನು ಬೀದರ್ ಲೋಕಸಭಾ ಕ್ಷೇತ್ರದಿಂದ 1962ರಲ್ಲಿ ಮೊದಲು ಗೆದ್ದು, 2004ರಲ್ಲಿ ಸಂಸದರಾಗಿರುವಾಗಲೇ ತೀರಿಕೊಂಡ ರಾಮಚಂದ್ರ ವೀರಪ್ಪನವರಿಗೆ ಮನೆತನದ ಹೆಸರು ಹೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ತಮ್ಮ ಹೆಸರು, ತಂದೆಯ ಹೆಸರು, ಅಷ್ಟೇ. ಕಾಂಗ್ರೆಸ್ಸಿನಿಂದಲೂ ಬಿಜೆಪಿಯಿಂದಲೂ ಗೆದ್ದ ದಲಿತ ನಾಯಕರು ಅವರು. ಅಡ್ಡಹೆಸರು ನೆರವಾಗುತ್ತದೆ, ನಿಜ; ಆದರೆ ಅದು ಸಾಲುವುದೂ ಇಲ್ಲ, ಅದಿಲ್ಲದಿದ್ದರೆ ಆಗುವುದೇ ಇಲ್ಲ ಎಂಬಂತೆಯೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ನೋವಿನದು. ಇತಿಹಾಸ ಏನೇ ಹೇಳಲಿ, ಬಾಡಿಗೆ ಮನೆ ಕೊಡುವಾಗ, ಕೆಲಸಕ್ಕೆ ಕರೆಯುವಾಗ, ಪಂಕ್ತಿಯಲ್ಲಿ ಕೂರಿಸುವಾಗ ಜನ ಅಡ್ಡಹೆಸರಿನಿಂದಲೇ ಜಾತಿ ಎಣಿಸುತ್ತಾರಲ್ಲ. ಹಾಗಿರುವಾಗ ಅಡ್ಡಹೆಸರುಗಳನ್ನು ಎತ್ತಿ ಬರೆಯುವುದಕ್ಕಿಂತ ಕಿತ್ತೊಗೆಯುವುದೇ ಒಳ್ಳೆಯದಲ್ಲವೇ? ಈ ಮಾತಿನ ಹಿಂದಿನ ಗಾಯ ನಿಜವಾದದ್ದು. ಹೆಸರು ಬಿಡಬೇಕೆನಿಸಿದವರಿಗೆ ಬಿಡುವ ಹಕ್ಕಿದೆ. ಅದನ್ನು ಪ್ರಶ್ನಿಸುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಎಣಿಸುವ ಚಾಳಿ ಹೋಗುವುದಿಲ್ಲ. ಊರು, ಕೇರಿ, ಮಾತಿನ ಧಾಟಿ ಹಿಡಿದು ಎಣಿಸುತ್ತಾರೆ. ಆ ಚಾಳಿಯ ಬುಡ ಕಡಿಯಬೇಕಾದರೆ ಎಣಿಕೆಯೇ ತಪ್ಪು ಎಂದು ತೋರಿಸಬೇಕು. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಆ ದಾರಿ ತೋರಿಸಿದ್ದಾರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ ಇವರಾರೂ ತಮ್ಮ ಕಸುಬಿನ ಹೆಸರು ಮುಚ್ಚಿಡಲಿಲ್ಲ. ಹೆಸರಿನ ಮುಂದೆಯೇ ಅದನ್ನಿಟ್ಟು, ತಮ್ಮ ನಡೆನುಡಿಯಿಂದ ಅದರ ಅರ್ಥವನ್ನೇ ಎತ್ತರಿಸಿದರು. ಸಮಾಜ ಕೀಳೆಂದು ಎಣಿಸಿದ ಗುರುತನ್ನು ಕಾಯಕದ ಗೌರವವಾಗಿ ಮಾಡಿದ ಆ ಕೆಲಸವನ್ನು ಮರೆಮಾಚುವಿಕೆಯಿಂದ ಮಾಡಲಾಗುತ್ತಿರಲಿಲ್ಲ.

ಮೂರನೆಯ ಆಕ್ಷೇಪವನ್ನು ಒಪ್ಪಿಕೊಂಡು ತಿದ್ದಿಕೊಳ್ಳಬೇಕು. ಹೀಗೆ ಅಡ್ಡಹೆಸರಿನ ಕೆಳಗೆ ಬದುಕುಗಳನ್ನು ಜೋಡಿಸಿದರೆ ಪುಟ ತುಂಬುವವರು ಬಹುಪಾಲು ಗಂಡಸರು, ಅದರಲ್ಲೂ ಮಂತ್ರಿಗಳು. ಮದುವೆಯಾದ ಕೂಡಲೇ ಹೆಣ್ಣಿನ ಅಡ್ಡಹೆಸರು ಬದಲಾಗುವುದರಿಂದ ಆಕೆಯ ಅರ್ಧ ಬದುಕು ಒಂದು ಪುಟದಲ್ಲಿ, ಇನ್ನರ್ಧ ಮತ್ತೊಂದು ಪುಟದಲ್ಲಿ ಕಳೆದುಹೋಗುತ್ತದೆ. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿ, ಬಸವಕಲ್ಯಾಣವನ್ನು ಕರ್ಮಭೂಮಿ ಮಾಡಿಕೊಂಡು, 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರಿಗೆ ಲಿಗಾಡೆ ಎಂಬುದು ಗಂಡನ ಮನೆಯ ಹೆಸರು. ಇದಕ್ಕೆ ಬೇರೆ ದಾರಿಗಳೂ ಇದ್ದವು. ಮುಕ್ತಸರ್ ಯುದ್ಧದಲ್ಲಿ ಹೋರಾಡಿ ಕೊನೆಗಾಲದಲ್ಲಿ ಬೀದರ್ ಬಳಿಯ ಜನವಾಡದಲ್ಲಿ ನೆಲೆಸಿದ ಮಾಯಿ ಭಾಗೋ ಅವರನ್ನು ಸಿಖ್ಖರು ಭಾಗ್ ಕೌರ್ ಎಂದು ನೆನೆಯುತ್ತಾರೆ. ಕೌರ್ ಎಂಬ ಹೆಸರು ತಂದೆಯಿಂದಲೂ ಬಂದದ್ದಲ್ಲ, ಗಂಡನಿಂದಲೂ ಅಲ್ಲ. ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಪ್ರತಿಭಾ ಪಾಟೀಲರ ಪಾಟೀಲ ತವರಿನದು, ಪತಿ ಶೇಖಾವತರು. ಗಣ್ಯತೆ ಎಂದರೆ ಅಧಿಕಾರ ಮಾತ್ರ ಎಂಬ ಅಭ್ಯಾಸವನ್ನೂ ಮುರಿಯಬೇಕು. ಬೀದರ್‌ನಿಂದ ವಿಜಯಪುರದವರೆಗೆ ಹಬ್ಬಿದ ಬಿರಾದಾರರಲ್ಲಿ ಮೊದಲು ಬರೆಯಬೇಕಾದ ಹೆಸರು ಭಾಲ್ಕಿ ತಾಲ್ಲೂಕಿನ ನಟ ವೈಜನಾಥ ಬಿರಾದಾರರದು. ಗಿರೀಶ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ ಚಿತ್ರದಲ್ಲಿ ಗುಂಡಿ ತೋಡುವ ಇರ್ಯನ ಪಾತ್ರಕ್ಕೆ ಅವರು ಸ್ಪೇನಿನ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟರೆನಿಸಿಕೊಂಡರು.

ಇಷ್ಟೆಲ್ಲ ಸಾಕ್ಷಿ ಕೈಯಲ್ಲಿದ್ದ ಮೇಲೆ ಮಾಡಬೇಕಾದ ಕೆಲಸವೂ ಸ್ಪಷ್ಟವಾಗಿದೆ. ಬೀದರ್, ಭಾಲ್ಕಿ, ಔರಾದ್‌ಗಳ ಶಾಲೆಗಳೂ ಗ್ರಂಥಾಲಯಗಳೂ ತಮ್ಮ ಸುತ್ತಿನ ಅಡ್ಡಹೆಸರುಗಳ ಒಂದು ಜೀವನಕೋಶ ಸಿದ್ಧಪಡಿಸಬಹುದು. ಒಂದೊಂದು ಅಡ್ಡಹೆಸರಿಗೆ ಒಂ‌ದೊಂದು ಅಧ್ಯಾಯ. ಹೆಸರು ಹುಟ್ಟಿದ ಬಗೆ ಮೊದಲು, ಆಮೇಲೆ ಅದನ್ನು ಹೊತ್ತವರ ಊರು, ಮನೆಮಾತು, ಕಸುಬು, ಮಾಡಿದ ಕೆಲಸ. ಗಡಿಯಾಚೆಯ ಉದಗೀರ್, ನಾರಾಯಣಖೇಡ್‌ಗಳವರೂ ಅದರಲ್ಲಿ ಇರಬೇಕು. ಹೆಣ್ಣುಮಕ್ಕಳು ತವರಿನ ಹೆಸರಿನಲ್ಲೂ ದಾಖಲಾಗಬೇಕು. ಮಂತ್ರಿಯ ಪಕ್ಕದಲ್ಲೇ ಶಿಕ್ಷಕಿ, ನಟ, ಬಿದರಿ ಕುಶಲಕರ್ಮಿಗೆ ಜಾಗವಿರಬೇಕು. ಔರಾದ್‌ನ ತಾಂಡಾದ ಜಾಧವ ಹುಡುಗಿಯೊಬ್ಬಳು ತನ್ನ ಅಡ್ಡಹೆಸರಿನ ಅಧ್ಯಾಯ ತೆರೆದರೆ ಅಲ್ಲಿ ಒಲಿಂಪಿಕ್ಸ್ ಪದಕವೂ ಅರ್ಥಶಾಸ್ತ್ರವೂ ವೈದ್ಯವಿದ್ಯೆಯೂ ಸಿಗಬೇಕು. ಅದೇ ಅಧ್ಯಾಯ ಓದಿದ ಅವಳ ಸಹಪಾಠಿಗೆ ಆ ಹೆಸರಿನಿಂದ ಅವಳನ್ನು ಅಳೆಯಲು ಬರುವುದಿಲ್ಲ ಎಂಬುದು ತಿಳಿಯಬೇಕು. ‘ಅಡ್ಡಹೆಸರೇನು?’ ಎಂದು ಕೇಳುವುದನ್ನು ಈ ನಾಡು ಇಂದೇ ಬಿಡಲಾರದು, ಬಿಡಬೇಕಾಗಿಯೂ ಇಲ್ಲ. ಆದರೆ ಉತ್ತರ ಸಿಕ್ಕ ಮೇಲೆ ಲೆಕ್ಕ ಮುಗಿಯಿತೆಂದು ಸುಮ್ಮನಾಗದೆ, ‘ಏನು ಕೆಲಸ ಮಾಡುತ್ತೀರಿ?’ ಎಂದು ಮುಂದುವರಿದು ಕೇಳುವುದನ್ನು ಕಲಿಯಬಹುದು. ಕಾಯಕ ಕೇಳಿ ಮನುಷ್ಯರನ್ನು ಗೌರವಿಸುವುದನ್ನು ಎಂಟುನೂರು ವರ್ಷಗಳ ಹಿಂದೆಯೇ ಕಲಿಸಿದ ನೆಲಕ್ಕೆ ಇದು ಹೊಸ ಪಾಠವೇನಲ್ಲ, ಬಾಕಿ ಉಳಿದ ಹಳೆಯ ಪಾಠ.